ಅವ್ವ-ಅಪ್ಪ ಹಳ್ಳಿಯಲ್ಲಿ, ನಾನು ಪುಣೆಯಲ್ಲಿ: ಮುಧೋಳ ಕಡೆ ಯಾರಿಗೆ ಫೋನ್ ಮಾಡಬೇಕು?

ಲೋಕಾಪುರದ ಮಗಳು · 21 ಮೇ 2021, ರಾತ್ರಿ 9:40

ಬಾಗಲಕೋಟೆ ಜಿಲ್ಲೆಯವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಮುಧೋಳ ತಾಲ್ಲೂಕು, ಲೋಕಾಪುರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ಅವ್ವ, ಅಪ್ಪ ಇಬ್ಬರೇ. ಅವ್ವನಿಗೆ ಮಂಗಳವಾರದಿಂದ ಜ್ವರ, ಕೆಮ್ಮು. ಇವತ್ತು ಒಗ್ಗರಣೆ ಹಾಕಿದರೂ ವಾಸನೆ ಬರಲಿಲ್ಲ ಅಂದಳು. ಅಪ್ಪನಿಗೆ ಸದ್ಯ ಏನೂ ಇಲ್ಲ, ಆದರೆ ಸಕ್ಕರೆ ಕಾಯಿಲೆ ಇದೆ. ನಿನ್ನೆ ಅವ್ವನ ಗಂಟಲು ದ್ರವ ತೆಗೆದುಕೊಂಡಿದ್ದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ. ಹತ್ತಿರದ ಡಾಕ್ಟರ್ ಒಬ್ಬರು ಸಲೈನ್ ಹಚ್ಚಿ, ಚೀಟಿ ಇಲ್ಲದೆ ಒಂದಿಷ್ಟು ಗುಳಿಗೆ ಕೊಟ್ಟು ಕಳಿಸಿದ್ದಾರೆ.

ನಾನು ಹೊರಡೋಣ ಅಂದರೆ ಎರಡೂ ಕಡೆ ಲಾಕ್‌ಡೌನ್. ಗಡಿಯಲ್ಲಿ ಆರ್‌ಟಿಪಿಸಿಆರ್ ರಿಪೋರ್ಟ್ ಕೇಳುತ್ತಾರೆ. ಮೇಲಾಗಿ ಎಂಟು ತಿಂಗಳ ಕೂಸು ಇದೆ. ಇಲ್ಲಿ ಕೂತು ಫೋನ್ ಮಾಡುವುದೊಂದೇ ನನ್ನಿಂದ ಆಗುವ ಕೆಲಸ, ಅದೂ ಸರಿಯಾಗಿ ಆಗುತ್ತಿಲ್ಲ. ವಾಟ್ಸಾಪಿನಲ್ಲಿ ಒಂದೇ ಪಟ್ಟಿ ಬೇರೆ ಬೇರೆ ಗ್ರೂಪಿನಿಂದ ಬಂದಿದೆ. "ಬಾಗಲಕೋಟೆ ಆಕ್ಸಿಜನ್, ಬೆಡ್, ಆಂಬ್ಯುಲೆನ್ಸ್" ಅಂತ ಮೇಲೆ ಬರೆದಿದೆ. ಒಂದು ನಂಬರ್ ಸ್ವಿಚ್ ಆಫ್. ಇನ್ನೊಂದನ್ನು ಎತ್ತಿದವರು ತುಮಕೂರಿನವರು, "ನನ್ನ ನಂಬರ್ ಯಾರು ಹಾಕಿದರಮ್ಮ, ರಾತ್ರಿ ಹಗಲು ಫೋನ್ ಬರುತ್ತಿದೆ" ಅಂತ ಅಳುವ ದನಿಯಲ್ಲಿ ಹೇಳಿದರು. ಮತ್ತೊಬ್ಬರು ಸಿಲಿಂಡರ್‌ಗೆ ಮೊದಲು ಅರ್ಧ ದುಡ್ಡು ಗೂಗಲ್ ಪೇ ಮಾಡಿ ಅಂದರು. ಬೆಡ್‌ಗೆ ಅಂತ 1912 ಕೊಟ್ಟಿದ್ದಾರೆ. ಊರಲ್ಲಿ ಅಪ್ಪ ಅದಕ್ಕೆ ಮಾಡಿದರೆ ಕರೆಂಟಿನವರು ಎತ್ತಿದರು. ನಾನು ಇಲ್ಲಿಂದ 108ಕ್ಕೆ ಮಾಡಿದರೆ ಮರಾಠಿಯಲ್ಲಿ ಮಾತಾಡುತ್ತಾರೆ.

ಮೊದಲು ಯಾರಿಗೆ ಹೇಳಬೇಕು? ಅವ್ವನಿಗೆ ನಡುರಾತ್ರಿ ಉಸಿರಾಟದ ತೊಂದರೆ ಆದರೆ ಏನು ಮಾಡಬೇಕು? ಕೋವಿಡ್ ಅಂತ ಮನೆಗೆ ಪಟ್ಟಿ ಕಟ್ಟಿ ಸೀಲ್ ಮಾಡಿದರೆ ಕಿರಾಣಿ ಹೇಗೆ? ಇನ್ನೊಂದು ಮಾತು, ಇದನ್ನು ಕೇಳಿ ಯಾರೂ ನಗಬೇಡಿ. ಮನೆಯಲ್ಲಿ ಎಮ್ಮೆ ಇದೆ. ಅದು ಅವ್ವನಿಗೆ ಬಿಟ್ಟರೆ ಅಪ್ಪನಿಗೆ ಮಾತ್ರ ಹಾಲು ಕೊಡುತ್ತದೆ. "ನಮ್ಮಿಬ್ಬರನ್ನೂ ಕರೆದುಕೊಂಡು ಹೋದರೆ ಎಮ್ಮೆ ಗತಿ ಏನು" ಅಂತ ಅವ್ವ ದವಾಖಾನೆ ಹೆಸರು ಎತ್ತಲೂ ಬಿಡುತ್ತಿಲ್ಲ.

ಸಾಲಿ ಮಾಸ್ತರ, ಮುಧೋಳ · 21 ಮೇ, ರಾತ್ರಿ 11:15

ತಂಗಿ, ನಾನು ನಿಮ್ಮ ತಾಲ್ಲೂಕಿನವನೇ. ಪ್ರಾಥಮಿಕ ಶಾಲೆ ಶಿಕ್ಷಕ. ಶಾಲೆ ಬಂದ್ ಆದ ಮೇಲೆ ನಮ್ಮನ್ನು ಕೋವಿಡ್ ಕೆಲಸಕ್ಕೆ ಹಾಕಿದ್ದಾರೆ. ಒಂದು ಪಾಳಿ ಮನೆ ಸರ್ವೆ, ಒಂದು ಪಾಳಿ ಫೋನ್. ನಿನ್ನಂಥ ಮಕ್ಕಳ ಕರೆ ಪುಣೆ, ಮುಂಬೈ, ಗೋವಾದಿಂದ ದಿನಾ ಬರುತ್ತವೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಫೋನಿನ ಗೊಂದಲ ಬಿಡಿಸುತ್ತೇನೆ. 108, 104 ಥರದ ಸಣ್ಣ ನಂಬರುಗಳು ನೀನು ಎಲ್ಲಿ ನಿಂತು ಒತ್ತುತ್ತೀಯೋ ಅಲ್ಲಿಗೆ ಹೋಗುತ್ತವೆ. ಸಿಮ್ ಕರ್ನಾಟಕದ್ದಾದರೂ ಅಷ್ಟೇ. ಪುಣೆಯಲ್ಲಿ ಒತ್ತಿದರೆ ಮಹಾರಾಷ್ಟ್ರದವರೇ ಎತ್ತುವುದು. ಹಾಗಾಗಿ ಆ ಕರೆ ಊರಿನಿಂದಲೇ ಹೋಗಬೇಕು. 1912 ಬೆಂಗಳೂರಿನಲ್ಲಿ ಹಾಸಿಗೆ ಕೇಳಲು ಕೊಟ್ಟ ನಂಬರ್. ನಮ್ಮ ಕಡೆ ಅದು ಹೆಸ್ಕಾಂ ದೂರಿನ ನಂಬರ್. ಬೆಂಗಳೂರಿನ ಪಟ್ಟಿಯನ್ನು ಯಾರೋ ತಲೆಬರಹ ಬದಲಿಸಿ ಬಾಗಲಕೋಟೆ ಅಂತ ಮಾಡಿ ಬಿಟ್ಟಿದ್ದಾರೆ. ಕೆಲವರು ನಮ್ಮಲ್ಲಿಗೆ ಫೋನ್ ಮಾಡಿ "ಬಿಯು ನಂಬರ್ ಕೊಡಿ" ಅನ್ನುತ್ತಾರೆ. ಅದೂ ಬೆಂಗಳೂರು ನಗರದ ರೋಗಿಗಳ ನಂಬರ್, ನಮಗೆ ಸಂಬಂಧವೇ ಇಲ್ಲ. ನಿಮ್ಮ ಅವ್ವನಿಗೆ ಬೇಕಾದದ್ದು ಎಸ್‌ಆರ್‌ಎಫ್ ನಂಬರ್, ಅಂದರೆ ಟೆಸ್ಟ್‌ಗೆ ಕೊಟ್ಟ ಮಾದರಿಯ ನೋಂದಣಿ ನಂಬರ್. ಗಂಟಲು ದ್ರವ ತೆಗೆದುಕೊಂಡಾಗ ಕೊಟ್ಟ ಮೊಬೈಲಿಗೆ ಅದು ಮೆಸೇಜಾಗಿ ಬಂದಿರುತ್ತದೆ. ಅಪ್ಪನ ಫೋನು ಬಟನ್ ಫೋನಾದರೆ ಇನ್‌ಬಾಕ್ಸ್ ತುಂಬಿ ಮೆಸೇಜ್ ಬಂದೇ ಇರಲಿಕ್ಕಿಲ್ಲ. ನಾಳೆ ಹಳೆಯ ಮೆಸೇಜ್ ಅಳಿಸಲು ಹೇಳು. ಆಮೇಲೂ ಬರದಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ರಿಜಿಸ್ಟರ್ ನೋಡಿ ಹೇಳುತ್ತಾರೆ. ರಿಪೋರ್ಟ್ ನೋಡಲು, ಹಾಸಿಗೆಗೆ, ಔಷಧಿಗೆ, ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ.

ಈಗ ಮೊದಲ ಫೋನ್ ಯಾರಿಗೆ ಅಂದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ. ಡಾಕ್ಟರಿಗಿಂತ ಮೊದಲು, ಜಿಲ್ಲೆಗಿಂತ ಮೊದಲು. ಅವರಿಗೆ ನಿಮ್ಮ ಮನೆ ಬಾಗಿಲು ಗೊತ್ತು, ಅಪ್ಪನಿಗೆ ಸಕ್ಕರೆ ಇರುವುದೂ ಗೊತ್ತಿರುತ್ತದೆ. ಆರೋಗ್ಯ ಕೇಂದ್ರದ ಡಾಕ್ಟರ್ ಅವರ ಫೋನ್ ಎತ್ತುತ್ತಾರೆ, ನಿನ್ನದನ್ನು ಎತ್ತದೆ ಇರಬಹುದು. ನಂಬರ್ ಇಲ್ಲದಿದ್ದರೆ ಓಣಿಯಲ್ಲಿ ಸಣ್ಣ ಕೂಸಿರುವ ಮನೆಯಲ್ಲಿ ಕೇಳಿಸು. ತಾಯಿ ಕಾರ್ಡಿನಲ್ಲಿ ಆಶಾ ಹೆಸರು, ನಂಬರ್ ಬರೆದಿರುತ್ತಾರೆ. ಆಮೇಲೆ ಪಂಚಾಯ್ತಿ ಪಿಡಿಒ. ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಈಗ ಕೋವಿಡ್ ಕಾರ್ಯಪಡೆ ಇದೆ. ಅಧ್ಯಕ್ಷರು, ಪಿಡಿಒ, ಆಶಾ, ಅಂಗನವಾಡಿಯವರು ಎಲ್ಲ ಅದರಲ್ಲಿದ್ದಾರೆ. ಕಿರಾಣಿ, ನೀರು, ಸ್ಯಾನಿಟೈಸ್ ಮಾಡಿಸುವುದು ಅವರ ಪಾಲಿನ ಕೆಲಸ. ಅದು ನಿಮ್ಮ ಹಕ್ಕು, ಸಂಕೋಚ ಬೇಡ.

ಪುಣೆಯಿಂದ ನೀನೇ ಮಾಡಬಹುದಾದದ್ದು ಪೂರ್ತಿ ನಂಬರಿರುವ ಕರೆಗಳು: ಆಶಾ, ಪಿಡಿಒ, ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ. ಅಪ್ಪ ಮಾಡಬೇಕಾದದ್ದು 108 ಮತ್ತು 104. ಡಾಕ್ಟರ್ ಜೊತೆ ಮಾತಾಡಿ ಸಲಹೆ ಕೇಳುವುದಕ್ಕೆ 14410 ಆಪ್ತಮಿತ್ರವೂ ಇದೆ. ಈ ನಂಬರುಗಳನ್ನು ಅಪ್ಪನಿಗೆ ಬಾಯಲ್ಲಿ ಹೇಳಬೇಡ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಸು. ಗಾಬರಿಯಲ್ಲಿ ಕನ್ನಡಕ ಹುಡುಕುತ್ತಾ ಕೂರುವಂತಾಗಬಾರದು.

ರಾತ್ರಿಯ ವಿಚಾರ. ಹಗಲೇ ಮೂರು ವಿಷಯ ತಿಳಿದುಕೊಂಡಿರು. ಓಣಿಯಲ್ಲಿ ಯಾರ ಹತ್ತಿರ ಗಾಡಿ ಇದೆ, ಅವರು ಬರಲು ಒಪ್ಪುತ್ತಾರಾ? ಮುಧೋಳ ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆ ಇವತ್ತು ಖಾಲಿ ಇದೆಯಾ? ಇಲ್ಲದಿದ್ದರೆ ಅವರು ಎಲ್ಲಿಗೆ ಕಳಿಸುತ್ತಾರೆ, ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗಾ ಅಥವಾ ಬೇರೆ ಕಡೆಗಾ? ಹಾಸಿಗೆ ಗೊತ್ತಿಲ್ಲದೆ ಗಾಡಿ ಹತ್ತಿಸಿದರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆದು ಅರ್ಧ ರಾತ್ರಿ ಹೋಗುತ್ತದೆ. ಅಲೆದವರ ಕರೆಗಳನ್ನು ನಾನು ಎತ್ತಿದ್ದೇನೆ, ಆ ದನಿಗಳು ಮರೆಯುವಂಥವಲ್ಲ.

ಸರ್ಕಾರಿ ಕಡೆಯಿಂದ ಕಳಿಸಿಕೊಂಡೇ ಹೋಗಿ. ಇದನ್ನು ಭಾಳ ಜನ ಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಯವರು ಬರೆದು ಕಳಿಸಿದರೆ, ಯೋಜನೆಗೆ ಸೇರಿರುವ ಖಾಸಗಿ ಆಸ್ಪತ್ರೆಯಲ್ಲಿ ಕೋವಿಡ್ ಖರ್ಚು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ಸರ್ಕಾರವೇ ಕೊಡುತ್ತದೆ. ನೇರವಾಗಿ ಹೋಗಿ ಸೇರಿದರೆ ದುಡ್ಡು ನಿಮ್ಮದು. ಅದಕ್ಕೂ ಸರ್ಕಾರ ಮಿತಿ ಹಾಕಿದೆ: ಸಾಮಾನ್ಯ ವಾರ್ಡಿಗೆ ದಿನಕ್ಕೆ 10 ಸಾವಿರ, ವೆಂಟಿಲೇಟರ್ ಇರುವ ಐಸಿಯುಗೆ 25 ಸಾವಿರ. ಒಂದು ವಾರ ಅಂದರೆ ಒಕ್ಕಲುತನದ ಮನೆಗೆ ಎಷ್ಟಾಗುತ್ತದೆ ನೀನೇ ಲೆಕ್ಕ ಹಾಕು. ಒಂದು ಚೀಟಿಯಿಂದ ಅಷ್ಟು ಉಳಿಯುತ್ತದೆ.

ಎಮ್ಮೆಯ ಮಾತಿಗೆ ಯಾಕೆ ನಗಬೇಕು? ನಮ್ಮ ಕಡೆ ಜನ ಸೋಂಕಿತರನ್ನು ಇಟ್ಟು ನೋಡಿಕೊಳ್ಳುವ ಕೋವಿಡ್ ಕೇರ್ ಸೆಂಟರ್‌ಗೆ ಒಲ್ಲೆ ಅನ್ನುವುದು ರೋಗದ ಭಯಕ್ಕಿಂತ ಜಾಸ್ತಿ ದನಕರುಗಳ ಚಿಂತೆಗೆ. ಕಬ್ಬಿನ ಹೊಲಕ್ಕೆ ನೀರು ಬಿಡುವ ಪಾಳಿ ತಪ್ಪುತ್ತದೆ ಅಂತ ಜ್ವರ ಮುಚ್ಚಿಟ್ಟವರೂ ಇದ್ದಾರೆ. ಸರ್ವೆಗೆ ಹೋದಾಗ ನಾನು ಈಗ ಮೊದಲು ಅದನ್ನೇ ಕೇಳುತ್ತೇನೆ: ದನ ಎಷ್ಟು, ನೋಡುವವರು ಯಾರು? ಅದು ಬಗೆಹರಿದರೆ ಜ್ವರದ ಮಾತು ತಾನೇ ಬಾಯಿಗೆ ಬರುತ್ತದೆ. ಅಪ್ಪನಿಗೆ ಲಕ್ಷಣ ಇಲ್ಲ ಅಂದೆಯಲ್ಲ. ಅವರ ಟೆಸ್ಟ್ ನಾಳೆಯೇ ಮಾಡಿಸಿ. ನೆಗೆಟಿವ್ ಬಂದರೆ ಅವರು ಮನೆಯಲ್ಲೇ ಇರುತ್ತಾರೆ, ಎಮ್ಮೆಯೂ ಇರುತ್ತದೆ. ಏನೇ ಆಗಲಿ, ನಾಳೆಯಿಂದಲೇ ಪಕ್ಕದ ಮನೆಯ ಯಾರಾದರೂ ಅಪ್ಪನ ಜೊತೆ ಕೊಟ್ಟಿಗೆಯಲ್ಲಿ ದೂರ ನಿಂತು ರೂಢಿ ಮಾಡಿಕೊಳ್ಳಲಿ. ಮಾಸ್ಕ್ ಹಾಕಿಕೊಂಡೇ. ಅವ್ವನ ಹಳೆಯ ಸೀರೆ ಒಗೆದು ಹೆಗಲ ಮೇಲೆ ಹಾಕಿಕೊಂಡು ಹೋದರೆ ಎಮ್ಮೆ ಬೇಗ ಒಗ್ಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಮಾಡುತ್ತೇವೆ.

ಔಷಧಿ ಅಂಗಡಿ, ಮಹಾಲಿಂಗಪುರ · 22 ಮೇ, ಬೆಳಿಗ್ಗೆ 7:05

ಅಕ್ಕಾ, ಮಾಸ್ತರ್ ಎಲ್ಲಾ ಹೇಳಿದ್ದಾರೆ. ನಾನು ಗುಳಿಗೆ ಮತ್ತು ಆಕ್ಸಿಮೀಟರ್ ಬಗ್ಗೆ ಮಾತ್ರ ಹೇಳುತ್ತೇನ್ರಿ.

ಚೀಟಿ ಇಲ್ಲದೆ ಕೊಟ್ಟ ಗುಳಿಗೆಗಳ ಫೋಟೋ ಅಪ್ಪನ ಕಡೆಯಿಂದ ಇಲ್ಲವೇ ಓಣಿಯ ಯಾರದಾದರೂ ಫೋನಿನಿಂದ ತರಿಸಿಕೊಳ್ಳಿ. ಅದರಲ್ಲಿ ಡೆಕ್ಸಾಮೆಥಾಸೋನ್ ಅಥವಾ ಮೆಥೈಲ್ ಪ್ರೆಡ್ನಿಸೋಲೋನ್ ಇದೆಯಾ ನೋಡಿ. ಇದ್ದರೆ ಇವತ್ತೇ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ ಕೇಳಿ. ಇವು ಸ್ಟೀರಾಯ್ಡ್. ಕಳೆದ ವರ್ಷ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಗೊತ್ತಾದದ್ದೇ ಇದು: ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ, ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಇಲ್ಲ. ಜ್ವರ ಬಂದ ಮೊದಲ ದಿನಗಳಲ್ಲೇ ಸುಮ್ನೆ ನುಂಗಿಸಿದರೆ ತೊಂದರೆಯೇ ಜಾಸ್ತಿ. ಸಕ್ಕರೆ ಏರುತ್ತದೆ. ಈಗ ಕಪ್ಪು ಶಿಲೀಂಧ್ರ ಅಂತ ಕೇಳುತ್ತಿದ್ದೀರಲ್ಲ, ಹತೋಟಿಯಲ್ಲಿಲ್ಲದ ಸಕ್ಕರೆ ಮತ್ತು ಸ್ಟೀರಾಯ್ಡ್ ಸೇರಿದಲ್ಲಿ ಅದರ ಭಯ ಇರುತ್ತದೆ. ಅವ್ವನ ಗುಳಿಗೆಯನ್ನು ಅಪ್ಪನೂ "ಮುಂಜಾಗ್ರತೆಗೆ" ಅಂತ ತೆಗೆದುಕೊಳ್ಳದಂತೆ ಕಟ್ಟುನಿಟ್ಟಾಗಿ ಹೇಳಿ. ಅವರ ಸಕ್ಕರೆ ಗುಳಿಗೆ ಒಂದು ಹೊತ್ತೂ ತಪ್ಪಬಾರದು.

ಆಕ್ಸಿಮೀಟರ್ ಇಲ್ಲದಿದ್ದರೆ ಆಶಾ ಹತ್ತಿರ ಇರುತ್ತದೆ. ನೋಡುವ ಕ್ರಮ ಹೀಗೆ: ಐದು ನಿಮಿಷ ಸುಮ್ಮನೆ ಕೂರಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು. ಉಗುರಿಗೆ ಬಣ್ಣ, ಮೆಹಂದಿ ಇರಬಾರದು. ನಡುಬೆರಳಿಗೆ ಹಾಕಿ ಅಂಕಿ ನಿಲ್ಲುವ ತನಕ ಕಾಯಬೇಕು. ಎರಡು ಅಂಕಿ ಬರುತ್ತವೆ, ಒಂದು ಆಕ್ಸಿಜನ್, ಇನ್ನೊಂದು ನಾಡಿ. ಹೋದ ವಾರ ಒಬ್ಬ ಹುಡುಗ ಓಡಿ ಬಂದ, "ಅಜ್ಜಿಗೆ 86 ಆಗಿದೆ, ಸಿಲಿಂಡರ್ ಎಲ್ಲಿ ಸಿಗುತ್ತದೆ" ಅಂತ. ಫೋಟೋ ತೋರಿಸು ಅಂದೆ. ಯಂತ್ರ ತಲೆಕೆಳಗಾಗಿತ್ತು. ಫೋನ್ ತಿರುಗಿಸಿ ನೋಡಿದರೆ 98! ಇದು ಎಲ್ಲರ ಮನೆಯಲ್ಲೂ ಆಗಬಹುದಾದದ್ದು. ಹಾಗಾಗಿ ಅಂಕಿಯ ಪಕ್ಕದಲ್ಲಿರುವ ಇಂಗ್ಲಿಷ್ ಅಕ್ಷರ ನೆಟ್ಟಗಿದೆಯಾ ಅಂತ ಮೊದಲು ನೋಡಲು ಹೇಳಿ, ಆಮೇಲೆ ಅಂಕಿ.

94ಕ್ಕಿಂತ ಕೆಳಗೆ ಬಂದು ಹಾಗೇ ನಿಂತರೆ ಕಾಯಬೇಡಿ, 108ಕ್ಕೆ ಮಾಡಿ. ಗಾಡಿ ಬರುವವರೆಗೆ ಅವ್ವನನ್ನು ಬೋರಲು ಮಲಗಿಸಿ, ಎದೆಯ ಕೆಳಗೊಂದು, ಕಾಲಿನ ಕೆಳಗೊಂದು ದಿಂಬು ಇಡಿ. ಕೂತಾಗ ಚಲೋ ಇದ್ದರೂ ಮನೆಯೊಳಗೆ ಆರು ನಿಮಿಷ ನಡೆದ ಮೇಲೆ ಇನ್ನೊಮ್ಮೆ ನೋಡಿ. ನಡೆದ ಮೇಲೆ ಮೂರಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು.

ರೆಮ್‌ಡೆಸಿವಿರ್ ಹುಡುಕುತ್ತಾ ಯಾರಿಗೂ ದುಡ್ಡು ಕಳಿಸಬೇಡಿ. ಅದು ಆಸ್ಪತ್ರೆಯ ಮೂಲಕ ಬರುವ ಔಷಧಿ, ಅಂಗಡಿಯಲ್ಲಿ ಕೊಡುವುದಲ್ಲ. ಮನೆಯಲ್ಲಿರುವ ರೋಗಿಗೆ ಅದು ಬೇಕಾಗುವುದೇ ಇಲ್ಲ.

ಕಿರಾಣಿ ಬೆಳಿಗ್ಗೆ 6ರಿಂದ 10ರ ತನಕ ಮಾತ್ರ. ನಮ್ಮ ಅಂಗಡಿಗಳು ದಿನವಿಡೀ ತೆರೆದಿರುತ್ತವೆ.

ಬನಹಟ್ಟಿ ಮಗ್ಗ · 22 ಮೇ, ಬೆಳಿಗ್ಗೆ 10:30

ಮಾಸ್ತರ್ರೇ, ಆಶಾಗೆ ಫೋನ್ ಮಾಡಿ ಅನ್ನುವುದು ಹೇಳಲು ಚಲೋ. ನಮ್ಮ ಓಣಿಯಲ್ಲಿ ಮಾಡಿದರೆ ಎತ್ತುವುದೇ ಇಲ್ಲ. ಮಗ್ಗ ನಿಂತಿದೆ, ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಇಬ್ಬರಿಗೆ ಕೆಮ್ಮು. ಯಾರನ್ನು ಕೇಳಬೇಕು ನಾವು?

ಸಾಲಿ ಮಾಸ್ತರ, ಮುಧೋಳ · 22 ಮೇ, ಮಧ್ಯಾಹ್ನ 2:20

ತಮ್ಮಾ, ನಿನ್ನ ಸಿಟ್ಟು ಸರಿ ಇದೆ. ಆದರೆ ಆಶಾ ಬಗ್ಗೆ ಒಂದು ಮಾತು. ಒಬ್ಬ ಆಶಾಗೆ ಸುಮಾರು ಸಾವಿರ ಜನರ ಜವಾಬ್ದಾರಿ. ಈಗ ಗರ್ಭಿಣಿಯರು, ಕೂಸುಗಳ ಚುಚ್ಚುಮದ್ದು, ಸರ್ವೆ, ಪಾಸಿಟಿವ್ ಮನೆಗಳು, ಲಸಿಕೆ ಕ್ಯಾಂಪು ಎಲ್ಲವೂ ಅವರ ಮೇಲೆ. ಕಳೆದ ವರ್ಷ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಮುಷ್ಕರ ಮಾಡಿದ್ದರು. ಅದು ನ್ಯಾಯವಾದ ಬೇಡಿಕೆ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅವರು ಫೋನ್ ಎತ್ತದಿದ್ದರೆ ಯಾವುದೋ ಮನೆಯ ಅಂಗಳದಲ್ಲಿ ಕೈಗವಸು ಹಾಕಿಕೊಂಡು ನಿಂತಿರುತ್ತಾರೆ ಅಂದುಕೋ. ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಆರರ ಮೇಲೆ ಮಾಡು. ಆಗಲೂ ಎತ್ತದಿದ್ದರೆ ಮೆಸೇಜ್ ಹಾಕು: ಹೆಸರು, ವಯಸ್ಸು, ಎಷ್ಟು ದಿನದಿಂದ ಕೆಮ್ಮು, ಮನೆ ಗುರುತು. ಅಷ್ಟು ಬರೆದರೆ ಅವರು ಅದನ್ನೇ ಡಾಕ್ಟರಿಗೆ ತೋರಿಸಬಹುದು. ನೀವು ಪಟ್ಟಣದವರು, ನಿಮಗೆ ಪಂಚಾಯ್ತಿ ಇಲ್ಲ. ವಾರ್ಡಿನ ನಗರಸಭೆ ಸದಸ್ಯರನ್ನು ಹಿಡಿಯಿರಿ. ಕೆಮ್ಮು ಇರುವ ಇಬ್ಬರ ಟೆಸ್ಟ್ ಇವತ್ತೇ ಮಾಡಿಸಿ, ಸರ್ಕಾರಿ ದವಾಖಾನೆಯಲ್ಲಿ ದುಡ್ಡಿಲ್ಲ.

ರೇಷನ್ ಕಾರ್ಡ್ ಇದ್ದರೆ ಈ ತಿಂಗಳು ಮತ್ತು ಜೂನ್‌ನಲ್ಲಿ ತಲೆಗೆ 5 ಕೆಜಿ ಕೇಂದ್ರದ ಧಾನ್ಯ ಹೆಚ್ಚಿಗೆ ಇದೆ, ಬಿಡಬೇಡ. ಮೊನ್ನೆ 19ನೇ ತಾರೀಕು ರಾಜ್ಯ ಸರ್ಕಾರ 1,250 ಕೋಟಿಯ ಪರಿಹಾರ ಹೇಳಿದೆ. ಅದರಲ್ಲಿ ಆಟೋದವರಿಗೆ, ಕಟ್ಟಡ ಕಾರ್ಮಿಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000 ಇದೆ. ನೇಕಾರರನ್ನೂ ಸೇರಿಸಿ ಅಂತ ನಿಮ್ಮ ಸಂಘದವರು ಜಿಲ್ಲಾಧಿಕಾರಿಗೆ ಬರೆದುಕೊಡಬೇಕು. ಕೇಳಿದ್ದಕ್ಕೆ ದಾಖಲೆ ಇರಬೇಕು.

ಲೋಕಾಪುರದ ಮಗಳು · 24 ಮೇ, ರಾತ್ರಿ 8:50

ಅವ್ವನ ರಿಪೋರ್ಟ್ ಪಾಸಿಟಿವ್. ಅಪ್ಪ ನೆಗೆಟಿವ್.

ಮಾಸ್ತರ್ ಹೇಳಿದಂತೆ ತಾಯಿ ಕಾರ್ಡಿನಿಂದ ಆಶಾ ಅಕ್ಕನ ನಂಬರ್ ಸಿಕ್ಕಿತು. ಅವರು ಅಂದೇ ಸಂಜೆ ಮನೆಗೆ ಬಂದರು. ಗುಳಿಗೆಯಲ್ಲಿ ಸ್ಟೀರಾಯ್ಡ್ ಇತ್ತು. ಆರೋಗ್ಯ ಕೇಂದ್ರದ ಡಾಕ್ಟರ್ ಅದನ್ನು ನಿಲ್ಲಿಸಿ ಬೇರೆ ಬರೆದುಕೊಟ್ಟರು. ಆಕ್ಸಿಜನ್ 95, ನಡೆದ ಮೇಲೆ 94. ಡಾಕ್ಟರ್ ಕೇರ್ ಸೆಂಟರ್‌ನಲ್ಲೇ ಇರಲಿ ಅಂದರು. ಮನೆಯಲ್ಲಿ ಒಂದೇ ಕೋಣೆ, ಒಂದೇ ಬಚ್ಚಲು, ಜೊತೆಗೆ ಸಕ್ಕರೆ ಇರುವ ಅಪ್ಪ. ಎದುರು ಮನೆ ಚಿಗವ್ವ "ಎಮ್ಮೆ ನನಗೆ ಬಿಡು, ನೀ ಹೋಗಿ ಬಾ" ಅಂದ ಮೇಲೆ ಅವ್ವ ಹೊರಟಳು. ಈಗ ಹಾಸ್ಟೆಲ್‌ನಲ್ಲಿ ಮಾಡಿರುವ ಸೆಂಟರ್‌ನಲ್ಲಿದ್ದಾಳೆ. ಬೆಳಿಗ್ಗೆ, ಸಂಜೆ ನರ್ಸ್ ಬಂದು ನೋಡುತ್ತಾರಂತೆ. ಊಟ ಕೊಡುತ್ತಾರೆ. "ರೊಟ್ಟಿ ದಪ್ಪ" ಅಂತ ಬೈದಳು. ಬೈದದ್ದು ಕೇಳಿ ನನಗೆ ಸಮಾಧಾನ ಆಯಿತು, ಇನ್ನೂ ಕಸುವಿದೆ ಅಂತ.

ಒಂದು ಕೇಳಬೇಕಿತ್ತು. ಅಪ್ಪನಿಗೆ ಏಪ್ರಿಲ್ 8ಕ್ಕೆ ಕೋವಿಶೀಲ್ಡ್ ಮೊದಲ ಡೋಸ್ ಆಗಿದೆ. ಎರಡನೆಯದು ಈಗ ಹಾಕಿಸಬಹುದಾ?

ಸಾಲಿ ಮಾಸ್ತರ, ಮುಧೋಳ · 24 ಮೇ, ರಾತ್ರಿ 10:05

ಅವ್ವನ ಸುದ್ದಿ ಕೇಳಿ ಜೀವಕ್ಕೆ ಹಗುರ ಆಯಿತು ತಂಗಿ. ಆದರೂ ಇನ್ನೊಂದು ವಾರ ಎಚ್ಚರ ಇರಲಿ. ಜ್ವರ ಬಿಟ್ಟ ಮೇಲೂ ಕೆಲವರಿಗೆ ಎರಡನೇ ವಾರದಲ್ಲಿ ಆಕ್ಸಿಜನ್ ಇಳಿಯುತ್ತದೆ. ದಿನಾ ಎರಡು ಹೊತ್ತಿನ ಅಂಕಿ ಕೇಳಿ ಬರೆದಿಡು.

ಅಪ್ಪನ ಎರಡನೇ ಡೋಸ್ ಈಗ ಆಗುವುದಿಲ್ಲ. ಇದೇ ತಿಂಗಳು ಕೋವಿಶೀಲ್ಡ್ ಅಂತರವನ್ನು 12ರಿಂದ 16 ವಾರ ಮಾಡಿದ್ದಾರೆ. ಏಪ್ರಿಲ್ 8 ಅಂದರೆ ಜುಲೈ ಮೊದಲ ದಿನಗಳಿಂದ ಹಾಕಿಸಬಹುದು. ಅವ್ವನ ಜೊತೆ ಒಂದೇ ಮನೆಯಲ್ಲಿದ್ದವರು, ಇವತ್ತು ನೆಗೆಟಿವ್ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಕೆಮ್ಮು, ಜ್ವರ ಕಂಡರೆ ಮತ್ತೆ ಟೆಸ್ಟ್ ಮಾಡಿಸಿ. ಚಿಗವ್ವ ಕೊಟ್ಟಿಗೆಗೆ ಬರುವಾಗ ಅಪ್ಪ ಒಳಗೇ ಇರಲಿ.

ಈಗ ನನ್ನದೊಂದು ಕೋರಿಕೆ. ಪುಣೆಯಲ್ಲಿ ಕೂತು ಏನೂ ಮಾಡಲಾಗುತ್ತಿಲ್ಲ ಅಂದಿದ್ದೆಯಲ್ಲ, ಮಾಡುವ ಕೆಲಸ ಇದೆ. ನಮ್ಮ ತಾಲ್ಲೂಕಿಗೆ ಸುತ್ತುತ್ತಿರುವ ಆ ಪಟ್ಟಿಯನ್ನು ನಾವು ಕೆಲವರು ಸೇರಿ ತಿದ್ದುತ್ತಿದ್ದೇವೆ. ಪ್ರತಿ ನಂಬರಿಗೂ ಫೋನ್ ಮಾಡಬೇಕು. ಯಾರು ಎತ್ತಿದರು, ಏನು ಕೊಡುತ್ತಾರೆ, ದುಡ್ಡು ಎಷ್ಟು, ಯಾವ ದಿನ ಎಷ್ಟು ಗಂಟೆಗೆ ಕೇಳಿದ್ದು ಅಂತ ಪಕ್ಕದಲ್ಲಿ ಬರೆಯಬೇಕು. ಗಂಟೆ ಬರೆಯದ ನಂಬರನ್ನು ನಾವು ಪಟ್ಟಿಯಲ್ಲಿ ಇಡುವುದಿಲ್ಲ. ಬೆಳಿಗ್ಗೆ ಖಾಲಿ ಇದ್ದ ಹಾಸಿಗೆ ಮಧ್ಯಾಹ್ನ ತುಂಬಿರುತ್ತದೆ. ಆ ತುಮಕೂರಿನವರ ಹಾಗೆ ತಪ್ಪಾಗಿ ಸೇರಿದವರ ನಂಬರ್ ತೆಗೆದು, ಅದನ್ನು ಹಾಕಿದ ಗ್ರೂಪಿಗೂ ತಿಳಿಸಬೇಕು. ಮುಂಗಡ ದುಡ್ಡು ಕೇಳಿದವರ ನಂಬರ್ ಬೇರೆ ಇಡು, ಪೊಲೀಸರಿಗೆ ಕೊಡುತ್ತೇವೆ. ಖಾಸಗಿಯವರ ನಂಬರ್ ಅವರನ್ನು ಕೇಳದೆ ಹಾಕುವಂತಿಲ್ಲ.

ತಿದ್ದಿದ ಪಟ್ಟಿಯನ್ನು ದಿನಾ ಸಂಜೆ ಪಂಚಾಯ್ತಿಗಳಿಗೆ ಕಳಿಸುತ್ತೇವೆ. ಅಲ್ಲಿ ಗೋಡೆಗೆ ಕರಿಹಲಗೆ ತೂಗುಹಾಕಿ ಬರೆಯುತ್ತಾರೆ. ವಾಟ್ಸಾಪ್ ಇಲ್ಲದವರೂ ಹಾಲು ಹಾಕಲು ಬಂದಾಗ ಓದಿಕೊಂಡು ಹೋಗುತ್ತಾರೆ. ಓದಲು ಬಾರದವರಿಗೆ ಗುಡಿ ಮೈಕಿನಲ್ಲಿ, ಮಸೀದಿ ಮೈಕಿನಲ್ಲಿ ಹೇಳಿಸುತ್ತಾರೆ.

ಕೂಸು ಮಲಗಿದಾಗ ದಿನಕ್ಕೆ ಹತ್ತು ಕರೆ ಮಾಡಿಕೊಟ್ಟರೂ ಭಾಳ ಆಯಿತು. ಆಗುತ್ತದೆ ಅಂದರೆ ಇಲ್ಲೇ ಖಾಸಗಿ ಮೆಸೇಜ್ ಹಾಕು, ಲೋಕಾಪುರ ಭಾಗದ ನಂಬರುಗಳನ್ನು ಕಳಿಸುತ್ತೇನೆ. ಬನಹಟ್ಟಿ ತಮ್ಮಾ, ನಿನ್ನ ಮನೆಯ ಇಬ್ಬರ ಟೆಸ್ಟ್ ಆಯಿತಾ? ಉತ್ತರ ಹಾಕು.

ಬನಹಟ್ಟಿ ಮಗ್ಗ · 25 ಮೇ, ಬೆಳಿಗ್ಗೆ 8:15

ಆಯ್ತು ಸರ್. ನಿನ್ನೆ ಇಬ್ಬರದೂ ಕೊಟ್ಟೆವು, ಎಸ್‌ಆರ್‌ಎಫ್ ಮೆಸೇಜೂ ಬಂದಿದೆ. ಮೆಸೇಜ್ ಹಾಕಿದ ಮೇಲೆ ಆಶಾ ಅಕ್ಕ ತಾವೇ ಫೋನ್ ಮಾಡಿದರು. ರಬಕವಿ-ಬನಹಟ್ಟಿ ನಂಬರುಗಳಿದ್ದರೆ ನನಗೂ ಕಳಿಸಿ. ಮಗ್ಗ ನಿಂತಿದೆ, ನನಗೆ ಹೊತ್ತಿದೆ.